ಟಿವಿ ಚೆನ್ನಾಗಿದೆ, ಆದರೆ ನಮ್ಮ ತೋಟದ ಮನೆಯಲ್ಲಿ ಅದನ್ನು ಹೊಂದಿಸಲು ಐದು ದಿನ ಬೇಕಾಯಿತು

ಏಪ್ರಿಲ್ ಮೊದಲ ವಾರ ಮಡಿಕೇರಿಯಿಂದ 43 ಇಂಚಿನ 4ಕೆ ಟಿವಿ ತಂದೆವು. ಗೂಗಲ್ ಟಿವಿ ಎಂಬ ಸಾಫ್ಟ್‌ವೇರ್ ಇರುವ ಮಾಡೆಲ್. ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ಈಗ ಬರುವ ಎಷ್ಟೋ ಸೆಟ್‌ಗಳಲ್ಲಿ ಇದೇ ಕಥೆ.

ತಂದ ಕಾರಣ ಒಂದೇ. ಅಪ್ಪ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ, ನೋಡಬೇಕು. 1997ರಲ್ಲಿ ಕರಡದಲ್ಲಿ ಮೊದಲ ಸಲ ನಡೆದಾಗ ಅವರು ಮೈದಾನದ ಅಂಚಿನಲ್ಲಿ ನಿಂತು ನೋಡಿದವರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಆಡಿದಾಗಲೂ ಗ್ಯಾಲರಿಯಲ್ಲಿ ಇದ್ದರು. ಈಗ ಮಂಡಿ ನೋವು, ಬಿಸಿಲಿನಲ್ಲಿ ಕೂರಲು ಆಗುವುದಿಲ್ಲ. ಪಂದ್ಯ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದೆ, ಆದರೆ ಮೊಬೈಲ್‌ನಲ್ಲಿ ಅವರಿಗೆ ಚೆಂಡೇ ಕಾಣುವುದಿಲ್ಲ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಮೊದಲ ತೊಂದರೆ ಶುರು. ಹಳೆ ಟಿವಿಗೆ ಮಾಡಿಸಿದ್ದ ಮೇಜು ಇದಕ್ಕೆ ಸಾಲಲಿಲ್ಲ. 43 ಇಂಚು ಅಂದರೆ ಕರ್ಣದ ಅಳತೆ, ಅಗಲ ಸುಮಾರು 95 ಸೆಂಟಿಮೀಟರ್ ಬರುತ್ತದೆ, ಮತ್ತು ಈಗಿನ ಎಷ್ಟೋ ಟಿವಿಗಳ ಕಾಲು ನಡುವಿನಲ್ಲಿ ಇರುವುದಿಲ್ಲ, ಎರಡು ತುದಿಯಲ್ಲಿ ಇರುತ್ತವೆ. ಕೊಳ್ಳುವ ಮೊದಲು ಕಾಲಿನಿಂದ ಕಾಲಿಗೆ ಎಷ್ಟು ದೂರ ಅಂತ ಅಂಗಡಿಯಲ್ಲೇ ಟೇಪ್ ಹಿಡಿದು ನೋಡಿ. ಗೋಡೆಗೆ ಹಾಕೋಣ ಅಂದರೆ ನಮ್ಮದು ಮಣ್ಣಿನ ಗಾರೆಯ ಹಳೆ ಗೋಡೆ. ಡ್ರಿಲ್ ಇಟ್ಟ ಕೂಡಲೇ ಒಳಗಿನಿಂದ ಮಣ್ಣು ಸುರಿಯಿತು. ಕೊನೆಗೆ ಅಟ್ಟದಲ್ಲಿದ್ದ ಹಲಸಿನ ಹಲಗೆ ತಂದು ಮೇಜಿನ ಮೇಲೆ ಬಿಗಿದು ಕೂರಿಸಿದೆವು. ಗಟ್ಟಿಯಾಗಿದೆ.

ಇನ್‌ಸ್ಟಾಲೇಶನ್ ಹುಡುಗ ನಾಲ್ಕನೇ ದಿನ ಬರುತ್ತಾನೆ ಅಂತ ಬುಕ್ ಮಾಡಿದ್ದರು, ನಾನು ಎರಡು ಸಲ ಫೋನ್ ಮಾಡಿದ ಮೇಲೆ ಎರಡನೇ ದಿನವೇ ಬಂದ. ಆದರೆ ಹಿಂದಿನ ಸಂಜೆ ಗಾಳಿಮಳೆಗೆ ಕೊಂಬೆ ಬಿದ್ದು ಫೈಬರ್ ಲೈನ್ ಹೋಗಿತ್ತು. ನೆಟ್ ಇಲ್ಲದೆ ಏನೂ ಮಾಡಲು ಆಗುವುದಿಲ್ಲ ಅಂದ. ಅವನ ಫೋನಿಗೂ ನಮ್ಮ ಹಾಲ್‌ನಲ್ಲಿ ಸಿಗ್ನಲ್ ಇಲ್ಲ. ಟಿವಿ ಆನ್ ಆಗಿರುವ ಫೋಟೋ ತೆಗೆದುಕೊಂಡು ಇಪ್ಪತ್ತು ನಿಮಿಷದಲ್ಲಿ ಹೊರಟ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಆ ದಿನ ಇನ್ನೂ ನಾಲ್ಕು ಮನೆ ಇತ್ತಂತೆ. ಅವನಿಗೆ ಸರಿಯಾಗಿ ಕಲಿಸಿ ಕಳಿಸದ ಕಂಪನಿ ಮೇಲೆ ಇದೆ.

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಟಿವಿ ಪರದೆಯಲ್ಲಿ ಗೂಗಲ್ ಅಕೌಂಟ್ ಹಾಕಿ ಅಂತ ಬರುತ್ತದೆ. ಹಾಟ್‌ಸ್ಪಾಟ್ ಹಾಕಿ ಫೋನನ್ನು ಅಟ್ಟದ ಕಿಟಕಿಯಲ್ಲಿ ಇಟ್ಟರೆ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಅಕೌಂಟ್ ಹಾಕಿದರೆ ಮೆಸೇಜ್‌ನಲ್ಲಿ ಬರುವ ಕೋಡ್ ಕೇಳುತ್ತದೆ. ಕೋಡ್ ಬರಲು ಕಣಕ್ಕೆ ಓಡಬೇಕು, ಫೋನ್ ಕಣಕ್ಕೆ ಹೋದರೆ ಟಿವಿಗೆ ಹಾಟ್‌ಸ್ಪಾಟ್ ಸಿಗುವುದಿಲ್ಲ. ಹೀಗೆ ಮೂರು ಸಲ ಆಯಿತು. ಅಪ್ಪ ಸುಮ್ನೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದರು: ಡಿಶ್ ಬಾಕ್ಸ್ ಇದೆ, ಟಿವಿ ಇದೆ, ಚಂದನ ನೋಡಲು ಇಂಟರ್‌ನೆಟ್ ಯಾಕೆ ಬೇಕು?

ಸರಿಯಾದ ಪ್ರಶ್ನೆ ಅಲ್ವಾ? ನಿಜ ಹೇಳಬೇಕೆಂದರೆ ಬೇಕಾಗಿಯೇ ಇಲ್ಲ. ಗೂಗಲ್ ಟಿವಿಯನ್ನು ಮೊದಲ ಸಲ ಹಚ್ಚಿದಾಗ ಭಾಷೆ ಆಯ್ಕೆ ಆದ ಮೇಲೆ ಎರಡು ದಾರಿ ಕೇಳುತ್ತದೆ. ಒಂದು ಪೂರ್ತಿ ಗೂಗಲ್ ಟಿವಿ, ಇನ್ನೊಂದು ಬೇಸಿಕ್ ಟಿವಿ. ಬೇಸಿಕ್ ಒತ್ತಿದರೆ ಅಕೌಂಟ್ ಬೇಡ, ನೆಟ್ ಬೇಡ. ಟಿವಿ ಹಿಂದಿನ ಎಚ್‌ಡಿಎಂಐ ಕಿಂಡಿಗೆ ಡಿಶ್ ಬಾಕ್ಸ್ ಹಾಕಿದರೆ ಚಾನೆಲ್ ಬರುತ್ತದೆ. ನೆಟ್ ಬಂದ ಮೇಲೆ ಯಾವಾಗ ಬೇಕಾದರೂ ಪೂರ್ತಿ ಮಾಡಿಕೊಳ್ಳಬಹುದು. ಇದು ನನಗೆ ಗೊತ್ತಾಗಿದ್ದು ಮೂರನೇ ದಿನ. ಕಂಪನಿ ಕೊಟ್ಟ ಪುಸ್ತಕದಲ್ಲಿ ಕನ್ನಡದ ಒಂದು ಸಾಲೂ ಇಲ್ಲ, ಬಂದ ಹುಡುಗನೂ ಹೇಳಲಿಲ್ಲ. ಈ ಒಂದು ಮಾತು ಹೇಳಿದ್ದರೆ ಅಮ್ಮ ಎರಡು ದಿನ ಮೊದಲೇ ಚಂದನ ನೋಡುತ್ತಿದ್ದರು.

ನಾಲ್ಕನೇ ದಿನ ಫೈಬರ್ ಸರಿಯಾಯಿತು. ಆದರೂ ಟಿವಿ ತನ್ನ ಅಪ್‌ಡೇಟನ್ನು ಅರ್ಧ ಡೌನ್‌ಲೋಡ್ ಮಾಡಿ ನಿಲ್ಲುತ್ತಿತ್ತು. ನಮ್ಮ ರೂಟರ್ ಲೆಕ್ಕಪತ್ರದ ಕೋಣೆಯಲ್ಲಿದೆ, ನಡುವೆ ಎರಡು ದಪ್ಪ ಗೋಡೆ. ಟಿವಿ 5 ಗಿಗಾಹರ್ಟ್ಸ್ ವೈಫೈ ಹಿಡಿಯುತ್ತಿತ್ತು. ಅದು ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್‌ನ ಇನ್ನೊಂದು ವೈಫೈ 2.4 ಗಿಗಾಹರ್ಟ್ಸ್, ಅದು ನಿಧಾನ, ಆದರೆ ಗೋಡೆ ದಾಟುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಟಿವಿಯನ್ನು 2.4ಕ್ಕೆ ಸೇರಿಸಿದೆ. ಸರಿಹೋಯಿತು.

ಅಪ್‌ಡೇಟ್ ಶುರುವಾಗಿ ಅರ್ಧಕ್ಕೆ ಬಂದಿತ್ತು, ಕುಂದ ಬೆಟ್ಟದ ಕಡೆಯಿಂದ ಗುಡುಗು ಕೇಳಿತು. ಏಪ್ರಿಲ್ ಸಂಜೆಯ ಸಿಡಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಪರದೆಯಲ್ಲಿ ಆಫ್ ಮಾಡಬೇಡಿ ಅಂತಿದೆ. ಅಪ್ಪ ಪ್ಲಗ್ ತೆಗಿ ಅಂತಾರೆ. ನಾನು ಮೊದಲು ಡಿಶ್ ಕೇಬಲನ್ನು ಬಾಕ್ಸ್‌ನಿಂದ ಬಿಚ್ಚಿದೆ, ಎಚ್‌ಡಿಎಂಐ ಕೇಬಲನ್ನೂ ತೆಗೆದೆ. ಸಿಡಿಲು ಕರೆಂಟ್ ತಂತಿಯಲ್ಲಿ ಮಾತ್ರ ಬರುವುದಿಲ್ಲ. ಹೊರಗೆ ನಿಂತಿರುವ ಡಿಶ್‌ನಿಂದ ಕೇಬಲ್ ಹಿಡಿದು ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಬರುತ್ತದೆ. ನಮ್ಮ ಹಳೆ ಟಿವಿ ಹಾಳಾಗಿದ್ದೂ ಪ್ಲಗ್ ತೆಗೆದು ಡಿಶ್ ಕೇಬಲ್ ಬಿಟ್ಟಿದ್ದ ದಿನ. ಗುಡುಗು ಹತ್ತಿರ ಬರುವಷ್ಟರಲ್ಲಿ ಅಪ್‌ಡೇಟ್ ಮುಗಿಯಿತು, ಪ್ಲಗ್ ಕಿತ್ತೆ. ಸ್ಪೈಕ್ ಗಾರ್ಡ್ ಸಣ್ಣ ಏರಿಳಿತಕ್ಕೆ ಸಹಾಯ, ಹತ್ತಿರದಲ್ಲೇ ಸಿಡಿಲು ಬಡಿದರೆ ಅದನ್ನು ನಂಬಬೇಡಿ. ಅಪ್‌ಡೇಟ್ ಬೆಳಿಗ್ಗೆ ಹೊತ್ತು ಮಾಡಿ.

ಈಗ ಚಿತ್ರದ ವಿಚಾರ. ಯೂಟ್ಯೂಬ್‌ನಲ್ಲಿ ಒಳ್ಳೆ ವಿಡಿಯೋ ಹಾಕಿದರೆ ಎಲೆಯ ಮೇಲಿನ ನೀರಿನ ಹನಿ ಸಹ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಶ್‌ನ ಸಾಮಾನ್ಯ, ಅಂದರೆ ಎಚ್‌ಡಿ ಅಲ್ಲದ, ಚಾನೆಲ್ ಮಸುಕು. ಟಿವಿ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಸಾಮಾನ್ಯ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720 ಅಡ್ಡ 576, ಅಂದರೆ ನಾಲ್ಕು ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಮಸುಕಾಗದೆ ಇನ್ನೇನು? ಅಮ್ಮ ಸ್ವಲ್ಪ ದೂರ ಕೂತು ನೋಡುತ್ತಾರೆ, ಸಾಕು ಅಂತಾರೆ. ಹಾಕಿಗೆ ಇನ್ನೊಂದು ಕೆಲಸ ಮಾಡಬೇಕಾಯಿತು. ಚಲನೆಯನ್ನು ನುಣುಪು ಮಾಡುವ ಮೋಶನ್ ಸೆಟ್ಟಿಂಗ್ ಕಂಪನಿಯಿಂದಲೇ ಆನ್ ಆಗಿ ಬಂದಿತ್ತು. ಜೋರಾಗಿ ಹೊಡೆದಾಗ ಚೆಂಡು ಒಡೆದು ಎರಡಾದ ಹಾಗೆ ಕಾಣುತ್ತಿತ್ತು. ಅದನ್ನು ಆಫ್ ಮಾಡಿದ ಮೇಲೆ ಅಪ್ಪ ಮೊದಲ ಸಲ ಮುಂದಕ್ಕೆ ಬಾಗಿ ಕೂತರು.

ಅಮ್ಮನಿಗೆ ರಿಮೋಟ್ ಕಷ್ಟವಾಯಿತು. ಅದರಲ್ಲಿ ನಂಬರ್ ಬಟನ್ ಇಲ್ಲ, ಆನ್ ಮಾಡಿದರೆ ಯಾವುದೋ ಸಿನಿಮಾಗಳ ಚಿತ್ರ ಸಾಲಾಗಿ ಬರುತ್ತದೆ. ಇದಕ್ಕೂ ದಾರಿ ಇದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಪವರ್ ವಿಭಾಗದೊಳಗೆ ಟಿವಿ ಆನ್ ಆದಾಗ ಏನು ಬರಬೇಕು ಅಂತ ಆಯ್ಕೆ ಇದೆ. ಕೊನೆಗೆ ನೋಡಿದ ಇನ್‌ಪುಟ್ ಅಂತ ಇಟ್ಟರೆ ನೇರವಾಗಿ ಡಿಶ್ ಬರುತ್ತದೆ. ಮನೆಯಲ್ಲಿ ಹಿರಿಯರು ಇದ್ದರೆ ಇದನ್ನು ಮೊದಲ ದಿನವೇ ಮಾಡಿ, ದಯವಿಟ್ಟು.

ಟಿವಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್‌ಸ್ಟಾಲೇಶನ್ ಸೇವೆಗೆ ಒಂದು. ಕಂಪನಿಯಿಂದ ಅಭಿಪ್ರಾಯ ಕೇಳಲು ಫೋನ್ ಬಂದಾಗಲೂ ಇದನ್ನೇ ಹೇಳಿದೆ. ನೆಟ್ ಇಲ್ಲದ ಮನೆಗೆ ಬರುವ ಹುಡುಗರಿಗೆ ಬೇಸಿಕ್ ಟಿವಿ ಮಾಡಿಕೊಟ್ಟು ಹೋಗಲು ಕಲಿಸಿ ಅಂದೆ. ಬರೆದುಕೊಂಡಿದ್ದೇವೆ ಅಂದರು. ಪಕ್ಕದ ತೋಟದವರಿಗೆ ಇದೇ ಮಾಡೆಲ್ ಮುಂದಿನ ವಾರ ಬರುತ್ತಿದೆ. ಮೇಲಿನದ್ದೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಡಿಶ್ ಕೇಬಲ್ ಬಿಚ್ಚುವ ಮಾತನ್ನು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ.