ಹಳೆ ಫೋರ್ ಬೈ ಫೋರ್, ಅಲೆದಾಡುವ ಸ್ಟೀರಿಂಗ್: ಕೆಲವು ವರ್ಷ ಓಡಿಸಿದ ಮೇಲಿನ ವಿಮರ್ಶೆ

ಬೇರೆಯವರು ಓಡಿಸಿ ಬಿಟ್ಟ ಫೋರ್ ಬೈ ಫೋರ್ ಒಂದು ಕೆಲವು ವರ್ಷಗಳಿಂದ ನನ್ನ ಹತ್ತಿರ ಇದೆ. ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು), ಕಾಯಿಲ್ ಸ್ಪ್ರಿಂಗ್, ಹಳೆ ಮಾದರಿಯ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರದ ಕಡೆ ಕಳಿಸುವ ಗೇರ್ ಪೆಟ್ಟಿಗೆ). ಎಂಜಿನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ತಕರಾರಿಲ್ಲದೆ ಓಡುತ್ತದೆ. ಲೋ ರೇಂಜ್ (ಕಷ್ಟದ ದಾರಿಗೆ ನಿಧಾನವಾಗಿ ಬಲ ಕೊಡುವ ಗೇರ್) ಚೆನ್ನಾಗಿದೆ. ಸೀಟು ಸುಮಾರು. ಈ ವಿಮರ್ಶೆಯ ಮುಕ್ಕಾಲು ಭಾಗ ಸ್ಟೀರಿಂಗ್ ಬಗ್ಗೆಯೇ ಇರುತ್ತದೆ. ಈ ಥರದ ಹಳೆ ಗಾಡಿ ಕೊಳ್ಳುವವರಿಗೆ ಮೊದಲು ಎದುರಾಗುವ ತಲೆನೋವು ಅದೇ ಅಲ್ವಾ?

ಕೈಗೆ ಬಂದಾಗ ಗಾಡಿ ನೇರ ರಸ್ತೆಯಲ್ಲೂ ನೇರ ಹೋಗುತ್ತಿರಲಿಲ್ಲ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ, ಇನ್ನೊಂದು ಚೂರು ತಿರುಗಿಸಿದರೆ ಒಮ್ಮೆಲೇ ಎಳೆಯುತ್ತಿತ್ತು. ಪಕ್ಕದಲ್ಲಿ ಲಾರಿ ದಾಟಿದರಂತೂ ಎರಡೂ ಕೈ ಬಿಗಿ. ಮಾರಿದವರು ಹೇಳಿದ್ದು ಎಲ್ಲರೂ ಹೇಳುವ ಮಾತನ್ನೇ: ಅಲೈನ್‌ಮೆಂಟ್ ಮಾಡಿಸಿದರೆ ಸರಿ ಹೋಗುತ್ತೆ. ಸಾಲಿಡ್ ಆಕ್ಸಲ್ ಗಾಡಿಯಲ್ಲಿ ಅಲೈನ್‌ಮೆಂಟ್ ಮಷಿನ್ ಮೇಲೆ ನಿಲ್ಲಿಸಿದರೂ ಸಾಮಾನ್ಯವಾಗಿ ಹೊಂದಿಸಲು ಬರುವುದು ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದೇ. ಕ್ಯಾಸ್ಟರ್ (ಚಕ್ರ ಎಡ ಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡೂ ಆಕ್ಸಲ್‌ನಲ್ಲೇ ಕೂತಿರುತ್ತವೆ. ಸವೆದ ಭಾಗಗಳನ್ನು ಹಾಗೇ ಬಿಟ್ಟು ಟೋ ಹೊಂದಿಸಿದರೆ ಆ ಅಳತೆ ಮುಂದಿನ ಗುಂಡಿಯವರೆಗೆ ಮಾತ್ರ.

ಶುರು ಮಾಡಿದ್ದು ಟೈರಿನಿಂದ. ಆಫ್-ರೋಡ್ ಮಾಡುವವರು ಮರಳು, ಕೆಸರಿಗೆ ಗಾಳಿ ಇಳಿಸುತ್ತಾರೆ, ವಾಪಸ್ ಬಂದ ಮೇಲೆ ತುಂಬಿಸಲು ಮರೆಯುತ್ತಾರೆ. ಗಾಳಿ ಕಡಿಮೆ ಇದ್ದರೆ ಎತ್ತರದ ಟೈರಿನ ಪಕ್ಕ ಬಳುಕುತ್ತದೆ, ಸ್ಟೀರಿಂಗ್ ಸತ್ತ ಹಾಗೆ ಅನ್ನಿಸುತ್ತದೆ. ಇದು ಗೇಜ್ ಹಿಡಿದು ನೋಡಿದರೆ ಮುಗಿಯುವ ಕೆಲಸ. ನನ್ನ ಗಾಡಿಯಲ್ಲಿ ಗಾಳಿ ಸರಿಯಿತ್ತು.

ಆಮೇಲೆ ನಿಜವಾದ ಪರೀಕ್ಷೆ. ಇದಕ್ಕೆ ಸಹಾಯಕ್ಕೆ ಒಬ್ಬರು ಬೇಕು, ಮಲಗಲು ಒಂದು ಚಾಪೆ ಬೇಕು. ಗಾಡಿ ಸಮನೆಲದ ಮೇಲೆ, ನಾಲ್ಕೂ ಚಕ್ರ ನೆಲದ ಮೇಲೇ ಇರಲಿ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು, ಮೇಲೆ ಕೂತವರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಬೇಕು. ಜಾಕ್ ಮೇಲೆ ಎತ್ತಿ ಇದನ್ನು ಮಾಡಿದರೆ ಸುಮ್ನೆ ಸಮಯ ಹಾಳು. ಚಕ್ರದ ಮೇಲೆ ಭಾರ ಇದ್ದಾಗ ಮಾತ್ರ ಸವೆದ ಜಾಯಿಂಟ್ ತನ್ನ ಗುಟ್ಟು ಬಿಡುತ್ತದೆ. ಕೆಳಗೆ ಮಲಗಿದವರು ಸ್ಟೀರಿಂಗ್ ಕಾಲಮ್‌ನಿಂದ ಶುರು ಮಾಡಿ ಚಕ್ರದವರೆಗೆ ಒಂದೊಂದೇ ಜೋಡಣೆಯನ್ನು ನೋಡುತ್ತಾ ಬರಬೇಕು. ಕಾಲಮ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್, ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆ ಹೋಗುವ ಸರಳು), ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಡ್‌ಗಳು. ಒಂದು ತುದಿ ಅಲ್ಲಾಡಿದ ಕೂಡಲೇ ಇನ್ನೊಂದು ತುದಿಯೂ ಅಲ್ಲಾಡಬೇಕು. ಎಲ್ಲಿ ತಡವಾಗುತ್ತದೋ ಅಲ್ಲಿ ಆಟ, ಅಂದರೆ ಸಡಿಲ, ಇದೆ. ಕಣ್ಣಿಗೆ ಕಾಣದಿದ್ದರೆ ಜಾಯಿಂಟ್ ಮೇಲೆ ಬೆರಳಿಡಿ, ಟಕ್ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಬೆರಳು ಎರಡು ಲೋಹದ ನಡುವೆ ಹೋಗದಂತೆ ನೋಡಿಕೊಳ್ಳಿ.

ನನಗೆ ಸಿಕ್ಕಿದ್ದು ಮೂರು ಕಡೆ. ಡ್ರ್ಯಾಗ್ ಲಿಂಕಿನ ಒಂದು ತುದಿ ಸವೆದಿತ್ತು, ಅದರ ರಬ್ಬರ್ ಬೂಟ್ ಹರಿದು ಕೆಸರು ಒಳಗೆ ಸೇರಿತ್ತು. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಸಡಿಲ. ದೊಡ್ಡ ಕಳ್ಳ ಮಾತ್ರ ಸ್ಟೀರಿಂಗ್ ಭಾಗವೇ ಅಲ್ಲ: ಪ್ಯಾನ್‌ಹಾರ್ಡ್ ರಾಡ್. ಆಕ್ಸಲ್ ಅಡ್ಡಡ್ಡ ಸರಿಯದಂತೆ ಚಾಸಿಗೆ ಕಟ್ಟಿ ಹಿಡಿದಿರುವುದು ಆ ರಾಡ್. ಅದರ ತುದಿಯ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ) ಹೋಗಿದ್ದರೆ ಡ್ರ್ಯಾಗ್ ಲಿಂಕ್ ತಳ್ಳಿದಾಗ ಚಕ್ರ ತಿರುಗುವ ಮೊದಲು ಇಡೀ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಆಮೇಲಷ್ಟೇ ಚಕ್ರ ತಿರುಗುತ್ತದೆ. ಟೈ ರಾಡ್ ಎಂಡ್ ಎಲ್ಲ ಹೊಸದು ಹಾಕಿಸಿದರೂ ಸಡಿಲ ಹೋಗಲಿಲ್ಲ ಎಂದು ದೂರುವವರು ಒಮ್ಮೆ ಆ ಬುಷ್ ನೋಡಬೇಕು. ವೇಗದಲ್ಲಿ ಒಂದು ಗುಂಡಿ ಬಡಿದ ಮೇಲೆ ಮುಂದಿನ ಚಕ್ರಗಳು ಗಡಗಡ ನಡುಗಿ, ಗಾಡಿ ನಿಧಾನ ಮಾಡುವವರೆಗೆ ನಿಲ್ಲದೇ ಇದ್ದರೆ ಅದರ ಹಿಂದೆಯೂ ಎಷ್ಟೋ ಸಲ ಇದೇ ರಾಡ್ ಇರುತ್ತದೆ.

ಜಾಕ್ ಪರೀಕ್ಷೆ ಇದಾದ ಮೇಲೆ. ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಕೀಲು) ಇರಬಹುದು. ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ನನ್ನ ಗಾಡಿಯಲ್ಲಿ ಬೇರಿಂಗ್ ಸ್ವಲ್ಪ ಸಡಿಲ ಇತ್ತು, ಗ್ರೀಸ್ ಬದಲಿಸಿ ನಟ್ ಹೊಂದಿಸಿದರೆ ಸಾಕಾಯಿತು. ನೀರಲ್ಲಿ ಇಳಿಸುವ ಗಾಡಿಗಳಲ್ಲಿ ಈ ಗ್ರೀಸ್ ಎಂದೋ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ.

ಇನ್ನು ಸ್ಟೀರಿಂಗ್ ಬಾಕ್ಸ್. ಅದರ ತಲೆಯ ಮೇಲೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಇರುತ್ತದೆ. ಆಟ ಇದೆ ಅಂದ ಕೂಡಲೇ ಅದನ್ನು ಬಿಗಿ ಮಾಡುವುದು ಬಹಳ ಜನರ ಚಾಳಿ. ನನ್ನ ಅಭಿಪ್ರಾಯದಲ್ಲಿ ಅದನ್ನು ಮುಟ್ಟುವುದು ಕಟ್ಟಕಡೆಗೆ. ಒಳಗಿನ ಗೇರುಗಳು ಸರಿ ಮಧ್ಯದಲ್ಲಿ ಅತಿ ಬಿಗಿಯಾಗಿ ಕೂಡುವಂತೆ, ಎರಡೂ ಪಕ್ಕಕ್ಕೆ ಸ್ವಲ್ಪ ಸಡಿಲ ಇರುವಂತೆ ಮಾಡಿರುತ್ತಾರೆ. ಗಾಡಿ ನೇರ ಹೋಗುವಾಗ ಬಾಕ್ಸ್ ಆ ಮಧ್ಯದಲ್ಲೇ ಇರಬೇಕು. ನನ್ನ ಗಾಡಿಯಲ್ಲಿ ಹಿಂದೆ ಯಾರೋ ಡ್ರ್ಯಾಗ್ ಲಿಂಕ್ ಉದ್ದ ಹೊಂದಿಸುವ ಬದಲು ಸ್ಟೀರಿಂಗ್ ವೀಲನ್ನೇ ಬಿಚ್ಚಿ ನೇರಕ್ಕೆ ಕೂರಿಸಿದ್ದರು. ನೋಡಲು ನೇರ, ಒಳಗೆ ಬಾಕ್ಸ್ ಪಕ್ಕಕ್ಕೆ ಸರಿದು ಸಡಿಲ ಜಾಗದಲ್ಲಿ ಓಡುತ್ತಿತ್ತು. ಇದನ್ನು ಹಿಡಿಯುವುದು ಸುಲಭ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ತನ್ನಿ, ಆಗ ಮುಂದಿನ ಚಕ್ರಗಳು ನೇರ ಇವೆಯಾ ನೋಡಿ. ಆದರೆ ಸ್ಟೀರಿಂಗ್ ಸ್ಟಾಪ್ ಎರಡೂ ಕಡೆ ಒಂದೇ ಥರ ಇಲ್ಲದಿದ್ದರೆ ಈ ಲೆಕ್ಕ ತಪ್ಪುತ್ತದೆ, ಆಗ ಡ್ರ್ಯಾಗ್ ಲಿಂಕ್ ಬಿಚ್ಚಿ ಬಾಕ್ಸನ್ನು ಒಂದನ್ನೇ ಎಣಿಸಬೇಕು. ಡ್ರ್ಯಾಗ್ ಲಿಂಕ್ ಹೊಂದಿಸಿ ಬಾಕ್ಸನ್ನು ಮಧ್ಯಕ್ಕೆ ತಂದ ಮೇಲೆ ಆ ಸ್ಕ್ರೂ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಅತಿಯಾಗಿ ಬಿಗಿ ಮಾಡಿದ ಬಾಕ್ಸ್ ಮಧ್ಯದಲ್ಲಿ ಹಿಡಿಯುತ್ತದೆ, ತಿರುವಿನ ನಂತರ ತಾನಾಗಿ ವಾಪಸ್ ಬರುವುದಿಲ್ಲ, ಗೇರೂ ಬೇಗ ಸವೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಆಟ ಹೋಯಿತು, ಅಲೆದಾಟ ಪೂರ್ತಿ ಹೋಗಲಿಲ್ಲ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿ ಮಾತು ಕೇಳುತ್ತಿತ್ತು, ಆದರೆ ಬಿಟ್ಟರೆ ನೇರಕ್ಕೆ ಮರಳುತ್ತಿರಲಿಲ್ಲ. ಇದು ಬೇರೆಯೇ ಕಾಯಿಲೆ. ಹಿಂದಿನವರು ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರಿಸಿದ್ದರು. ರೇಡಿಯಸ್ ಆರ್ಮ್ (ಆಕ್ಸಲನ್ನು ಚಾಸಿಗೆ ಜೋಡಿಸುವ ಉದ್ದ ತೋಳು) ಇರುವ ಗಾಡಿ ಎತ್ತರಿಸಿದರೆ ಆಕ್ಸಲ್ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುವುದರಿಂದಲೇ ಕೈ ಬಿಟ್ಟು ಓಡಿಸುವುದು ಸುಲಭವಾಗುತ್ತದಲ್ಲ, ಇಲ್ಲೂ ಆ ಓರೆಯೇ ಚಕ್ರವನ್ನು ನೇರಕ್ಕೆ ಎಳೆಯುವುದು. ರಂಧ್ರ ಮಧ್ಯದಿಂದ ಪಕ್ಕಕ್ಕೆ ಸರಿದಿರುವ ಕ್ಯಾಸ್ಟರ್ ಬುಷ್‌ಗಳನ್ನು ಹಾಕಿಸಿದೆ. ಅವತ್ತಿನಿಂದ ಗಾಡಿಯ ಸ್ವಭಾವವೇ ಬದಲಾಯಿತು. ಲೀಫ್ ಸ್ಪ್ರಿಂಗ್ ಗಾಡಿಯಾದರೆ ಇದೇ ಕೆಲಸಕ್ಕೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಶಿಮ್ (ಬೆಣೆಯಂಥ ಲೋಹದ ತುಂಡು) ಹಾಕುತ್ತಾರೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್, ರ್‍ಯಾಕ್ ಸ್ಟೀರಿಂಗ್ ಇದ್ದವರು ರ್‍ಯಾಕ್ ಹಿಡಿದಿರುವ ಬುಷ್, ಒಳ ಟೈ ರಾಡ್, ಕೆಳ ಆರ್ಮ್ ಬುಷ್ ನೋಡಬೇಕು.

ಹಿಂದಿನ ಆಕ್ಸಲ್ ಕೂಡ ಸ್ಟೀರಿಂಗ್ ಕೆಡಿಸುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೂ ಬಿಟ್ಟಾಗ ಇನ್ನೊಂದು ಕಡೆಗೂ ಗಾಡಿ ವಾಲಿದರೆ ಹಿಂದಿನ ಟ್ರೇಲಿಂಗ್ ಆರ್ಮ್ ಬುಷ್ ಅಥವಾ ಸಡಿಲ ಯು ಬೋಲ್ಟ್ ಹುಡುಕಿ.

ಹಾಕಿಸಿದ ಭಾಗಗಳು ಹೇಗೆ ಬಾಳಿಕೆ ಬಂದವು ಅಂದರೆ, ಗ್ರೀಸ್ ನಿಪ್ಪಲ್ ಇರುವ ಟೈ ರಾಡ್ ಎಂಡ್‌ಗಳು ಇನ್ನೂ ಗಟ್ಟಿ. ಕೆಸರಿನಿಂದ ಬಂದ ಮೇಲೆ ಹೊಸ ಗ್ರೀಸ್ ಹೊರಬರುವವರೆಗೆ ಪಂಪ್ ಮಾಡುತ್ತೇನೆ. ನಿಪ್ಪಲ್ ಇಲ್ಲದ್ದನ್ನು ಮತ್ತೆ ಕೊಳ್ಳುವುದಿಲ್ಲ, ಬೂಟ್ ಹರಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಪ್ಯಾನ್‌ಹಾರ್ಡ್ ರಾಡಿಗೆ ರಬ್ಬರ್ ಬುಷ್, ಈವರೆಗೆ ಸದ್ದಿಲ್ಲ. ಆ ಬೋಲ್ಟುಗಳನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಮಾಡಿಸಿ. ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರೇಡಿಯಸ್ ಆರ್ಮಿನ ಪಾಲಿಯೂರಿಥೇನ್ ಕ್ಯಾಸ್ಟರ್ ಬುಷ್ ಕೋನ ಸರಿ ಮಾಡಿತು ನಿಜ, ಆದರೆ ಕೆಸರು ಒಣಗಿದ ಮೇಲೆ ಕಿರ್ ಅನ್ನುತ್ತದೆ. ಬಂಡೆಗಳ ಮೇಲೆ ಆಕ್ಸಲ್ ಮೊದಲಿನಷ್ಟು ಸಲೀಸಾಗಿ ತಿರುಚುವುದಿಲ್ಲ. ಹೊಸ ಸ್ಟೀರಿಂಗ್ ಡ್ಯಾಂಪರ್ ಮಾತ್ರ ನಿರಾಸೆ. ಅದು ಗುಂಡಿಯ ಏಟನ್ನು ಕೈಗೆ ಬರದಂತೆ ತಡೆಯುತ್ತದೆ ಅಷ್ಟೆ, ಸಡಿಲ ಸರಿ ಮಾಡುವ ಭಾಗ ಅದಲ್ಲ. ಡ್ಯಾಂಪರ್ ಹಾಕಿಸಿ ಎಂದು ಮೊದಲ ದಿನವೇ ಹೇಳುವ ಮೆಕ್ಯಾನಿಕ್ ಹತ್ತಿರ ಗಾಡಿ ಬಿಡಬೇಡಿ.

ಈಗ ಹೆದ್ದಾರಿಯಲ್ಲಿ ಒಂದೇ ಕೈಯಲ್ಲಿ ಹಿಡಿದರೂ ನೇರ ಹೋಗುತ್ತದೆ, ಕಾರಿನಷ್ಟು ಚುರುಕಲ್ಲ. ಮಡ್ ಟೈರ್ ಇರುವಷ್ಟು ದಿನ ಲಾರಿಗಳು ತುಳಿದು ಮಾಡಿದ ಗಾಲಿ ಜಾಡಿನಲ್ಲಿ ಸ್ವಲ್ಪ ಎಳೆದೇ ಎಳೆಯುತ್ತದೆ. ಬಾಕ್ಸಿನ ಕೆಳಗಿನ ಆಯಿಲ್ ಸೀಲ್ ಜಿನುಗಲು ಶುರುವಾಗಿದೆ. ಅದನ್ನು ಬದಲಿಸಲು ಪಿಟ್‌ಮನ್ ಆರ್ಮ್ ಬಿಚ್ಚಬೇಕು, ಅದಕ್ಕೆ ಪುಲ್ಲರ್ ತರಬೇಕು. ಮುಂದಿನ ಕೆಲಸ ಅದು.