ಫೋನ್ ಹಿಡಿದು ಬೋಟಿನ ಸದ್ದು ಅಳೆಯಲು ಹೋಗಬೇಡಿ

ರಿಮೋಟಿನಿಂದ ಓಡಿಸುವ ಪುಟ್ಟ ಪೆಟ್ರೋಲ್ ಬೋಟುಗಳ ರೇಸ್ ನಡೆಸುವವರೇ, "ನೀವು ಸುಮ್ನೆ ಸದ್ದು ನೋಡ್ಕೊಳ್ರಿ, ಸಾಕು" ಅಂತ ಯಾರಾದರೂ ಹೇಳಿದರೆ ಹೂಂ ಅನ್ನುವ ಮೊದಲು ಇದನ್ನು ಓದಿ. ಹೋದ ಶ್ರಾವಣದಲ್ಲಿ ನಾನು ಹೂಂ ಅಂದೆ. ಒಬ್ಬ ಹುಡುಗನ ಬೋಟನ್ನು ತಪ್ಪಾಗಿ ಹೊರಗೆ ಹಾಕಿದೆ.

ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮಂಥ ಹುಚ್ಚರು ಹತ್ತು ಹನ್ನೆರಡು ಜನ ಇರಬಹುದು. ಉಣಕಲ್ ಕೆರೆಯಲ್ಲಿ ಪೆಟ್ರೋಲ್ ಬೋಟ್ ಬಿಡುವ ಮಾತೇ ಇಲ್ಲ, ಅಲ್ಲಿ ವಾಕಿಂಗಿಗೆ ಬರುವ ಜನವೇ ಜಾಸ್ತಿ. ಅದಕ್ಕೇ ಧಾರವಾಡದ ಆಚೆ ಒಂದು ಸಣ್ಣ ಕೆರೆ ಹುಡುಕಿಕೊಂಡಿದ್ದೆವು. ಈಗ ಅದರ ಪಕ್ಕವೂ ಲೇಔಟ್ ಆಗಿದೆ. ಅಲ್ಲಿನವರು ಒಮ್ಮೆ ಬಂದು ಜಗಳ ತೆಗೆದರು. ಅವರದೇನು ತಪ್ಪು? ಭಾನುವಾರ ಬೆಳಿಗ್ಗೆ ಟೂ-ಸ್ಟ್ರೋಕ್ ಎಂಜಿನ್ ಕಿರುಚಿದರೆ ಕಿವಿ ಪಕ್ಕದಲ್ಲೇ ಮರ ಕೊಯ್ದ ಹಾಗಿರುತ್ತದೆ. ಹಾಗಾಗಿ ನಾವೇ ಒಂದು ನಿಯಮ ಮಾಡಿಕೊಂಡೆವು: ಹತ್ತು ಮೀಟರ್ ದೂರದಲ್ಲಿ 80 ಡೆಸಿಬಲ್ ದಾಟಬಾರದು, ದಾಟಿದರೆ ಹೊರಗೆ.

ನಿಯಮದಲ್ಲಿ ತಪ್ಪಿರಲಿಲ್ಲ. ಅಳೆದ ರೀತಿ ಮಾತ್ರ ದೇವರಿಗೇ ಪ್ರೀತಿ.

ನಾನು ಕೆರೆ ಏರಿಯ ಮೇಲೆ ಫೋನ್ ಹಿಡಿದು ನಿಂತಿದ್ದೆ. ಅದರಲ್ಲಿ ಪುಕ್ಕಟೆ ಆ್ಯಪ್. ಬೆನ್ನ ಹಿಂದೆ ಪಂಪ್‌ಹೌಸಿನ ಗೋಡೆ. ಮೇಲೆ ಶ್ರಾವಣದ ಗಾಳಿ, ಬೋಟೇ ಇಲ್ಲದಾಗಲೂ ಅಂಕಿ ಕುಣಿಯುತ್ತಿತ್ತು. ಬೋಟಿನ ದಾರಿ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಬೋಯಿ ನನ್ನಿಂದ "ಹತ್ತು ಮೀಟರ್ ಇರಬೇಕು" ಅಂತ ಕಣ್ಣಳತೆಯಲ್ಲೇ ತೀರ್ಮಾನವಾಗಿತ್ತು.

ನಮ್ಮಲ್ಲಿ ಒಬ್ಬರು ಹಿರಿಯರು. ಅವರ ಬೋಟು ಬೋಯಿಗೆ ಅಂಟಿಕೊಂಡೇ ಹೋಯಿತು. 78 ತೋರಿಸಿತು, ಪಾಸ್. ಆಮೇಲೆ ಗದಗಿನ ಒಬ್ಬ ಕಾಲೇಜು ಹುಡುಗ. ಸೆಕೆಂಡ್ ಹ್ಯಾಂಡ್ ಎಂಜಿನ್, ಸೈಲೆನ್ಸರ್ ಅವನೇ ಮಾಡಿದ್ದು. ಮುಂದೆ ಒಂದು ನಿಧಾನದ ಬೋಟ್ ಅಡ್ಡ ಇತ್ತು. ಅದನ್ನು ದಾಟಲು ಇವನು ದಂಡೆಯ ಕಡೆಗೆ ಎಳೆದುಕೊಂಡ. ಎಷ್ಟು ಚೆಂದ ದಾಟಿದ ಅಂದರೆ ನಾನೇ "ಭಲೇ" ಅಂದೆ. ಅಷ್ಟರಲ್ಲಿ ಫೋನಿನಲ್ಲಿ 83 ಬಂತು. ಹೊರಗೆ ಹಾಕಿದೆ.

ಹುಡುಗ ಬೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಪ್ಯಾಂಟಿಗೆಲ್ಲ ನೀರು, ಎಣ್ಣೆ. "ಕಾಕಾರ, ನನ್ನ ಬಾಜುಕ ಇನ್ನೊಂದು ಬೋಟ್ ಇತ್ತಲ್ರೀ, ಅದರ ಸಪ್ಪಳ ಯಾರ ಲೆಕ್ಕಕ್ಕ ಹಾಕಿದ್ರಿ?" ಅಂದ. ನನಗೆ ಉತ್ತರ ತೋಚಲಿಲ್ಲ. "ನಿಯಮ ಅಂದ್ರ ನಿಯಮ ತಮ್ಮಾ" ಅಂದೆ. ಪಕ್ಕದಲ್ಲಿದ್ದ ಇನ್ನೊಬ್ಬರು, ಕಾನೂನಿನಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ಅಷ್ಟೇ ಇರೋದು, ನಿನ್ನದು 83 ಅಂತ ಅವನಿಗೇ ಗದರಿದರು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ 55 ಇರುವುದು ನಿಜ. ಆದರೆ ಅದು ಒಂದಷ್ಟು ಹೊತ್ತಿನ ಸರಾಸರಿ, ಒಂದು ಬೋಟ್ ಹಾದುಹೋದ ಕ್ಷಣದ ಲೆಕ್ಕ ಅಲ್ಲ. ಇದು ನನಗೂ ಆಗ ಗೊತ್ತಿರಲಿಲ್ಲ.

ಹುಡುಗನ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಒಂದೇ ಥರದ ಎರಡು ಎಂಜಿನ್ ಒಟ್ಟಿಗೆ ಕೂಗಿದರೆ 3 ಡೆಸಿಬಲ್ ಏರುತ್ತದೆ. ಬಯಲಿನಲ್ಲಿ ದೂರ ಅರ್ಧವಾದರೆ ಸುಮಾರು 6 ಏರುತ್ತದೆ, ಇಮ್ಮಡಿಯಾದರೆ ಅಷ್ಟೇ ಇಳಿಯುತ್ತದೆ. ಮರುದಿನ ಹಗ್ಗ ಹಿಡಿದು ಕೆರೆಗೆ ಹೋದೆ. ಬೋಯಿಗಳನ್ನು ಇನ್ನೂ ತೆಗೆದಿರಲಿಲ್ಲ. ನಮ್ಮ "ಹತ್ತು ಮೀಟರ್" ಹತ್ತಿರ ಹತ್ತಿರ ಇಪ್ಪತ್ತು ಇತ್ತು! ಅಂದರೆ ಅದೇ ಫೋನಿನ ಲೆಕ್ಕದಲ್ಲಿ ಹಿರಿಯರ 78, ಹತ್ತು ಮೀಟರಿಗೆ ತಂದರೆ 84. ಗೆಳೆಯನ ವಿಡಿಯೋ ನೋಡಿದರೆ ಹುಡುಗನ ಬೋಟು ನನ್ನಿಂದ ಐದಾರು ಮೀಟರಿನಲ್ಲಿ ಹೋಗಿದೆ, ಅದೂ ಇನ್ನೊಂದರ ಜೊತೆ. ಅವನದು 80 ಮುಟ್ಟುವುದೇ ಅನುಮಾನ.

ಆಮೇಲೆ ಒಂದು ಸೌಂಡ್ ಮೀಟರ್ ಕೊಂಡೆ. ಅಣ್ಣಿಗೇರಿ ಕಡೆ ಗೆಳೆಯನ ಹೊಲದ ಕೃಷಿ ಹೊಂಡದಲ್ಲಿ ನನ್ನದೇ ಬೋಟನ್ನು ಗಟ್ಟಿಯಾಗಿ ಹಿಡಿಸಿ, ಫುಲ್ ಥ್ರಾಟಲ್ ಕೊಡಿಸಿ ಅಳೆದೆ. ಮೀಟರಿನಲ್ಲಿ 76 ಬಂದ ಕಡೆ ಫೋನಿನಲ್ಲಿ 81. ಮೀಟರಿಗೆ ಸ್ಪಂಜಿನ ಟೋಪಿ ಹಾಕಿದ ಮೇಲೆ ಗಾಳಿಗೆ ಅಂಕಿ ಕುಣಿಯುವುದೂ ನಿಂತಿತು.

ನೀವು ನಡೆಸುವುದಾದರೆ ರೇಸ್ ಮಧ್ಯೆ ಅಳೆಯಲೇಬೇಡಿ. ಮೊದಲೇ, ಒಂದೊಂದೇ ಬೋಟನ್ನು, ಹಗ್ಗದಿಂದ ಅಳೆದ ಗೆರೆಯ ಮೇಲೆ ಪೂರ್ತಿ ವೇಗದಲ್ಲಿ ಓಡಿಸಿ ಅಳೆಯಿರಿ. ಗೋಡೆಯಿಂದ ದೂರ ನಿಲ್ಲಿ. ಮೀಟರ್ ಸರಿ ತೋರಿಸುತ್ತದಾ ಅಂತ 94 ಡೆಸಿಬಲ್ ಸದ್ದು ಕೊಡುವ ಕ್ಯಾಲಿಬ್ರೇಟರಿಗೆ ಹಚ್ಚಿ ನೋಡಿ, ಇಲ್ಲದಿದ್ದರೆ ಎಲ್ಲ ಬೋಟಿಗೂ ಅದೇ ಒಂದು ಮೀಟರನ್ನಾದರೂ ಬಳಸಿ. ದಾಟಿದವನಿಗೆ ಸೈಲೆನ್ಸರ್ ಸರಿಮಾಡಿಕೊಂಡು ಬರಲು ಅರ್ಧ ಗಂಟೆ ಕೊಡಿ. ರೇಸಿಗೆ ಹೋಗುವವರು ಫೀ ಕಟ್ಟುವ ಮೊದಲೇ ಕೇಳಿ: ಯಾವುದರಲ್ಲಿ ಅಳೀತೀರಿ, ಎಲ್ಲಿಂದ?

ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ, ಫೀ ವಾಪಸ್ ಕಳಿಸಿದೆ. "ಇರಲಿ ಬಿಡ್ರೀ ಕಾಕಾರ" ಅಂದ. ಮುಂದಿನ ರೇಸಿಗೆ ಬರುತ್ತಾನಾ ಅಂತ ಕೇಳಿದೆ, ಪರೀಕ್ಷೆ ಅದಾವು ಅಂದ. ಹಿರಿಯರಿಗೂ ಲೆಕ್ಕ ತೋರಿಸಿದೆ. ನಕ್ಕು ಚಹಾ ಕುಡಿಸಿ ಕಳಿಸಿದರು. ಆ ರೇಸಿನ ಕಪ್ ಈಗಲೂ ಅವರ ಶೋಕೇಸಿನಲ್ಲೇ ಇದೆ.