ಬ್ಲೂಬುಕ್ ಜೊತೆ ಹನ್ನೊಂದು ತಿಂಗಳು: ಎಸ್‌ಎಟಿಗಿಂತ ಜಾಸ್ತಿ ಇಷ್ಟವಾದ ಕ್ಯಾಲ್ಕುಲೇಟರ್

ನಾನು ಶಿವಮೊಗ್ಗದಲ್ಲಿ ಸೆಕೆಂಡ್ ಪಿಯು ಓದುತ್ತಿದ್ದೇನೆ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಬೇಕೆಂದು ಎರಡು ಸಲ ಎಸ್‌ಎಟಿ (ಅಲ್ಲಿನ ಕಾಲೇಜು ಪ್ರವೇಶಕ್ಕೆ ನೋಡುವ ಪರೀಕ್ಷೆ) ಬರೆದೆ. ಆ ಪರೀಕ್ಷೆಯನ್ನು ಬರೆಯುವುದೂ ಅಭ್ಯಾಸ ಮಾಡುವುದೂ ಬ್ಲೂಬುಕ್ ಅನ್ನುವ ಆ್ಯಪ್‌ನಲ್ಲಿ; ಅದನ್ನು ಹನ್ನೊಂದು ತಿಂಗಳು ಬಳಸಿದೆ. ಪ್ರಶ್ನೆ ಎಷ್ಟು, ಸಮಯ ಎಷ್ಟು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನಾನು ಹೇಳಬೇಕಿರುವುದು ಅದರೊಳಗಿನ, ಗ್ರಾಫ್ ಬಿಡಿಸಿ ತೋರಿಸುವ ಡೆಸ್ಮಾಸ್ ಕ್ಯಾಲ್ಕುಲೇಟರ್ ಬಗ್ಗೆ.

ಪಿಯು ಗಣಿತ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ಗ್ರಾಫ್ ಅಂದರೆ ಗ್ರಾಫ್ ಹಾಳೆ, ಸ್ಕೇಲು, ಚೂಪಾದ ಪೆನ್ಸಿಲ್ಲು. ಒಂದು ದಿನ ಅಭ್ಯಾಸದಲ್ಲಿ ಒಂದು ಲೆಕ್ಕ ಬಂತು. ಒಂದು ಅಡ್ಡಗೆರೆ ಪ್ಯಾರಾಬೋಲಾವನ್ನು (ಬಟ್ಟಲಿನಂಥ ವಕ್ರರೇಖೆ) ಒಂದೇ ಬಿಂದುವಿನಲ್ಲಿ ಮುಟ್ಟಬೇಕು, ಹಾಗಾದರೆ ಗೆರೆಯ ಎತ್ತರ 'ಸಿ' ಎಷ್ಟು? ಕಾಲೇಜಿನಲ್ಲಿ ಕಲಿತ ಹಾಗೆ ಡಿಸ್ಕ್ರಿಮಿನೆಂಟ್ (ವರ್ಗಸಮೀಕರಣಕ್ಕೆ ಎಷ್ಟು ಉತ್ತರ ಎಂದು ಹೇಳುವ ಸಂಖ್ಯೆ; ಸೊನ್ನೆಯಾದರೆ ಒಂದೇ ಉತ್ತರ) ಸೊನ್ನೆ ಎಂದು ಬರೆದು ಬಿಡಿಸಿದೆ. ಆಮೇಲೆ ಎರಡೂ ಸಮೀಕರಣಗಳನ್ನು ಡೆಸ್ಮಾಸ್‌ನಲ್ಲಿ ಟೈಪ್ ಮಾಡಿ, 'ಸಿ'ಗೆ ಸ್ಲೈಡರ್ (ಎಳೆದರೆ ಬೆಲೆ ಬದಲಾಗುವ ಗುಂಡಿ) ಹಾಕಿ ಎಳೆದೆ. ಗೆರೆ ಮೆಲ್ಲಗೆ ಮೇಲೇರಿತು. ಪ್ಯಾರಾಬೋಲಾದ ತಳಕ್ಕೆ ತಾಗಿದಾಗ 'ಸಿ' 5 ಆಗಿತ್ತು. ಹಾಳೆಯಲ್ಲೂ ಅದೇ 5. ಡಿಸ್ಕ್ರಿಮಿನೆಂಟ್ ಸೊನ್ನೆ ಅಂದರೆ ಇದೇ ಅಲ್ವಾ! ಎಷ್ಟೋ ದಿನದಿಂದ ಬಾಯಿಪಾಠ ಮಾಡಿದ್ದು ಅವತ್ತು ಕಣ್ಣಿಗೆ ಕಂಡಿತು. ಆ ಸ್ಲೈಡರನ್ನು ಎಷ್ಟು ಸಲ ಹಿಂದೆ ಮುಂದೆ ಎಳೆದೆನೋ ಲೆಕ್ಕವಿಲ್ಲ.

ಆಮೇಲೆ ಬೆಳಿಗ್ಗೆ ಐದೂವರೆಗೆ ಏಳುವುದು ಕಷ್ಟ ಅನಿಸಲೇ ಇಲ್ಲ. ಅಜ್ಜಿ ಡಿಕಾಕ್ಷನ್ ಇಳಿಸುವ ಹೊತ್ತಿಗೆ ಅಪ್ಪನ ಹಳೇ ಲ್ಯಾಪ್‌ಟಾಪ್ ಆನ್ ಮಾಡಿಡುತ್ತಿದ್ದೆ. ಕಾಫಿ ಲೋಟ ಬಲಗಡೆ, ರಫ್ ಹಾಳೆ ಎಡಗಡೆ. ವಾರದ ದಿನ ಖಾನ್ ಅಕಾಡೆಮಿ ಅನ್ನುವ ಕಲಿಕೆಯ ವೆಬ್‌ಸೈಟಿನಲ್ಲಿ ಅರ್ಧ ಗಂಟೆ, ಭಾನುವಾರ ಬ್ಲೂಬುಕ್. ಎರಡಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ. ಬ್ಲೂಬುಕ್ ತೆರೆದ ಕೂಡಲೇ ಮೇಲಿನ ಗಡಿಯಾರವನ್ನು ಮರೆಮಾಡುತ್ತಿದ್ದೆ. ಕೊನೆಯ ಐದು ನಿಮಿಷ ಉಳಿದಾಗ ಅದು ತಾನೇ ಎಚ್ಚರಿಸುತ್ತದೆ. ತಪ್ಪು ಅನಿಸಿದ ಆಯ್ಕೆಯ ಮೇಲೆ ಗೆರೆ ಹೊಡೆಯಬಹುದು. ನಾಲ್ಕರಲ್ಲಿ ಎರಡು ಹೊಡೆದುಹಾಕಿದರೆ ಮನಸ್ಸು ಎಷ್ಟು ಹಗುರ ಆಗುತ್ತದೆ ಗೊತ್ತಾ? ಒಂದು ಮಾತು: ಪೂರ್ತಿ ಮಾದರಿ ಪರೀಕ್ಷೆಗಳು ಕೆಲವೇ ಇವೆ. ಮೊದಲ ಎರಡನ್ನು ನಾನು ಸುಮ್ನೆ ಕಳೆದುಬಿಟ್ಟೆ. ನೀವು ಹಾಗೆ ಮಾಡಬೇಡಿ.

ಅಕ್ಟೋಬರ್‌ನ ಮೊದಲ ಎಸ್‌ಎಟಿಯಲ್ಲಿ 1600ಕ್ಕೆ 1390 ಬಂತು. ಗಣಿತ 760, ಇಂಗ್ಲಿಷ್ 630. ಇಂಗ್ಲಿಷ್‌ಗೆ ಸ್ಲೈಡರ್ ಇಲ್ಲವಲ್ಲ.

ನಿಜವಾಗಿ ಬೇಜಾರಾಗಿದ್ದು ಅದಾದ ಮೇಲೆ, ಕಾಲೇಜಿನ ಮಿಡ್ ಟರ್ಮ್‌ನಲ್ಲಿ. ಐದು ಅಂಕದ ಲೆಕ್ಕಕ್ಕೆ ಎರಡೇ ಅಂಕ. ಉತ್ತರ ಸರಿ ಇತ್ತು. "ಸ್ಟೆಪ್ಸ್ ಎಲ್ಲಿ?" ಎಂದು ಸರ್ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳುಗಟ್ಟಲೆ ಪರದೆಯಲ್ಲಿ ಗೆರೆ ನೋಡಿ ಉತ್ತರ ಹೇಳುತ್ತಿದ್ದ ನಾನು ಸಾಲು ಸಾಲಾಗಿ ಬರೆಯುವುದನ್ನೇ ಬಿಟ್ಟಿದ್ದೆ. ಅದು ಡೆಸ್ಮಾಸ್ ತಪ್ಪಲ್ಲ. ಆದರೆ ಬೋರ್ಡ್ ಪರೀಕ್ಷೆಯನ್ನೂ ಬರೆಯಬೇಕಾದವರು ಇದನ್ನು ಮೊದಲೇ ತಿಳಿದಿರಬೇಕು. ನನಗೆ ಯಾರೂ ಹೇಳಿರಲಿಲ್ಲ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಆ್ಯಪ್ ಪುಕ್ಕಟೆ, ಪರೀಕ್ಷೆ ಅಲ್ಲ. ವಿದೇಶದವರು ಕಟ್ಟುವ ಹೆಚ್ಚುವರಿ 43 ಡಾಲರ್ ಸೇರಿ ಒಂದು ಸಲಕ್ಕೆ 111 ಡಾಲರ್ ಕಟ್ಟಿದೆ. ಮೇಲೆ ಬೆಂಗಳೂರಿಗೆ ರೈಲು ಚಾರ್ಜು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈ ಅಂಕ ನೋಡುವುದೇ ಇಲ್ಲ. ಎಂಐಟಿ (ಮ್ಯಾಸಚೂಸೆಟ್ಸ್‌ನ ತಂತ್ರಜ್ಞಾನ ವಿಶ್ವವಿದ್ಯಾಲಯ) 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಮೊದಲು ನಿಮ್ಮ ಕಾಲೇಜುಗಳ ಪಟ್ಟಿ ನೋಡಿಕೊಳ್ಳಿ, ಆಮೇಲೆ ದುಡ್ಡು ಕಟ್ಟಿ. ಫೋನಿನಲ್ಲಿ ಪರೀಕ್ಷೆ ಬರೆಯಲು ಆಗುವುದಿಲ್ಲ. ಲ್ಯಾಪ್‌ಟಾಪ್ ಮೂರು ಗಂಟೆಯಾದರೂ ಚಾರ್ಜ್ ಹಿಡಿಯಬೇಕು. ಅಪ್ಪನದು ಒಂದೂವರೆ ಗಂಟೆಗೇ ಆಫ್ ಆಗುತ್ತಿತ್ತು, ಮಾವನ ಮಗಳದ್ದು ಕೇಳಿ ತಂದೆ.

ಡಿಸೆಂಬರ್‌ನಲ್ಲಿ ಎರಡನೇ ಸಲ ಬರೆಯುವಾಗ, ಪರೀಕ್ಷೆಯ ಮಧ್ಯೆ ಕೇಂದ್ರವಾಗಿದ್ದ ಶಾಲೆಯ ವೈ-ಫೈ ಹೋಯಿತು. ಎದೆ ಧಸಕ್ಕೆಂದಿತು. ಆ್ಯಪ್ ಮಾತ್ರ ನಿಲ್ಲಲಿಲ್ಲ. ಉತ್ತರಗಳನ್ನೆಲ್ಲ ಉಳಿಸಿಕೊಂಡು, ಇಂಟರ್ನೆಟ್ ಬಂದ ಮೇಲೆ ಕಳಿಸಿತು. ಆ ಒಂದು ಕಾರಣಕ್ಕೇ ಅದರ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು. ಈ ಸಲ 1450.

ಡೆಸ್ಮಾಸ್ ಅದರದೇ ವೆಬ್‌ಸೈಟಿನಲ್ಲೂ ಉಚಿತವಾಗಿ ಸಿಗುತ್ತದೆ, ಫೋನಿನಲ್ಲೂ ನಡೆಯುತ್ತದೆ. ಹತ್ತನೇ ಕ್ಲಾಸಿನ ತಂಗಿ ಈಗ ವರ್ಗಸಮೀಕರಣ ಓದುತ್ತಿದ್ದಾಳೆ. ಪೂರ್ತಿ ಲೆಕ್ಕ ನೋಟ್‌ಬುಕ್ಕಿನಲ್ಲಿ ಬಿಡಿಸಿ ತೋರಿಸಿದ ಮೇಲಷ್ಟೇ ಅವಳಿಗೆ ಫೋನು ಕೊಡುತ್ತೇನೆ.